ಹೊಲಿಗೆ ನಿಲ್ಲದ ಹೆಗಲು

ಬೆಳಗಾವಿಯ ಆ ಓಪಿಡಿಗೆ ಒಂದೇ ಮುಂಜಾನೆ ಬಂದ ಇಬ್ಬರ ಎಂಆರ್‌ಐ ವರದಿಯೂ ಹೆಚ್ಚುಕಡಿಮೆ ಒಂದೇ: ರೊಟೇಟರ್ ಕಫ್, ಅಂದರೆ ಭುಜದ ಕೀಲನ್ನು ಸುತ್ತುವರಿದು ಕೈ ಎತ್ತಲು, ತಿರುಗಿಸಲು ನೆರವಾಗುವ ಸ್ನಾಯುರಜ್ಜುಗಳ ಪಟ್ಟಿ, ಪೂರ್ತಿ ಹರಿದಿದೆ, ಸ್ನಾಯುರಜ್ಜು ಕೀಲಿನ ಗುಂಡಿಯ ಅಂಚಿನವರೆಗೆ ಹಿಂದೆ ಸರಿದಿದೆ.

"ಹರದದ್ದು ಹೊಲದ ಬಿಡ್ರಿ ಸಾಹೇಬ್ರ, ಅವ್ವಾಗ ನೋವು ತಡಿಯಾಕ ಆಗವಲ್ದು" ಅಂತ ಬೈಲಹೊಂಗಲ ಕಡೆಯ ಮಗನ ಒತ್ತಾಯ.

ತೊಡಕಿರುವುದು ಹರಿದ ಅಗಲಕ್ಕಿಂತ ಸ್ನಾಯುವಿನಲ್ಲಿ. ರಜ್ಜು ಹರಿದು ಕೆಲಸ ತಪ್ಪಿದ ಸ್ನಾಯುವಿನೊಳಗೆ ಕೊಬ್ಬು ಸೇರುತ್ತ ಹೋಗುತ್ತದೆ. ಈ ಕೊಬ್ಬನ್ನು ಅಳೆಯುವ ಗೂಟಾಲಿಯೆ ಶ್ರೇಣಿಯಲ್ಲಿ 3 ಅಂದರೆ ಕೊಬ್ಬು, ಮಾಂಸ ಸಮಸಮ; 4 ಅಂದರೆ ಕೊಬ್ಬೇ ಹೆಚ್ಚು. ಅಂಥದ್ದನ್ನು ಎಳೆದು ಎಲುಬಿಗೆ ಬಿಗಿದರೆ ಹಳೇ ಕೌದಿಗೆ ಹೊಲಿಗೆ ಹಾಕಿದಂತೆ: ದಾರ ಗಟ್ಟಿ ಇರುತ್ತದೆ, ಅರಿವೆ ಪಿಸಿಯುತ್ತದೆ. ಎಕ್ಸ್‌ರೇಯಲ್ಲಿ ರಟ್ಟೆ ಎಲುಬಿನ ತಲೆಗೂ ಅದರ ಮೇಲೆ ಚಾವಣಿಯಂತಿರುವ ಅಕ್ರೋಮಿಯನ್ ಎಲುಬಿಗೂ ನಡುವೆ 7 ಮಿ.ಮೀ.ಗಿಂತ ಕಡಿಮೆ ಜಾಗ ಉಳಿದಿದ್ದರೆ ಹೊಲಿಗೆ ನಿಲ್ಲದೆಂಬ ಅನುಮಾನ ಅಲ್ಲೇ ಬರಬೇಕು.

ಆ ತಾಯಿಗೆ ಎಪ್ಪತ್ತು ದಾಟಿದೆ. ಡಾಕ್ಟರು ಎತ್ತಿದರೆ ಕೈ ಪೂರ್ತಿ ಏಳುತ್ತದೆ. ತಾವೇ ಎತ್ತಲು ಹೋದರೆ ಹೆಗಲು ಕಿವಿಯತ್ತ ಬರುತ್ತದೆಯೇ ಹೊರತು ಕೈ ಎದೆಮಟ್ಟ ದಾಟದು. ಕೀಲೂ ಸವೆದಿದೆ. ಇಲ್ಲಿ ರಿವರ್ಸ್ ಭುಜ ಬದಲಿಯೇ ಸರಿ: ಗುಂಡಿಯಿದ್ದ ಕಡೆ ಚೆಂಡು, ಚೆಂಡಿದ್ದ ಕಡೆ ಬಟ್ಟಲು. 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮೋಂ ಬಳಕೆಗೆ ತಂದ ಈ ವಿನ್ಯಾಸದಲ್ಲಿ ಕೀಲು ತಿರುಗುವ ಕೇಂದ್ರ ಒಳಕ್ಕೂ ಕೆಳಕ್ಕೂ ಸರಿಯುತ್ತದೆ, ಕಫ್ ಇಲ್ಲದೆಯೂ ಭುಜದ ಹೊರಮೈಯ ದಪ್ಪ ಸ್ನಾಯು ಡೆಲ್ಟಾಯ್ಡ್ ಕೈ ಎತ್ತುತ್ತದೆ. ಡೆಲ್ಟಾಯ್ಡ್ ಅಥವಾ ಅದರ ಆಕ್ಸಿಲರಿ ನರ ಕೆಟ್ಟಿದ್ದರೆ ಮಾತ್ರ ಇದರ ಮಾತೇ ಬೇಡ. ಕೀಲು ಜಾರುವುದು, ಸೋಂಕು, ಅಕ್ರೋಮಿಯನ್ ಬಿರುಕು ಬಿಡುವುದು, ಇವನ್ನು ಸಹಿ ಹಾಕಿಸುವ ಮೊದಲೇ ಮನೆಯವರಿಗೆ ಬಿಡಿಸಿ ಹೇಳಬೇಕು.

ಇನ್ನೊಬ್ಬರು ಮುಧೋಳ ಕಡೆ ಕಬ್ಬು ಕಡಿಯುವವರು, ಐವತ್ತರ ಆಚೀಚೆ. ಕೈ ಏಳುತ್ತದೆ. ಆದರೆ ಮೊಣಕೈ ಪಕ್ಕೆಗೆ ಹಚ್ಚಿ, ಮುಂಗೈ ಹೊರಕ್ಕೆ ತಿರುಗಿಸಿ ಬಿಟ್ಟರೆ ಹೊಟ್ಟೆಯತ್ತ ವಾಪಸ್ ಬೀಳುತ್ತದೆ. ರೊಟ್ಟಿ ತುತ್ತು ಬಾಯಿಗೆ ಒಯ್ಯುವಾಗ ಮೊಣಕೈ ಕೈಗಿಂತ ಮೇಲೇರುತ್ತದೆ. ಕೀಲು ಸವೆದಿಲ್ಲ. ಇವರಿಗೆ ಒಪ್ಪುವುದು ಬೆನ್ನಿನ ಲೋವರ್ ಟ್ರಪೀಜಿಯಸ್ ಸ್ನಾಯುವಿನ ವರ್ಗಾವಣೆ. ಹೆಗಲಹಲಗೆಯಿಂದ ಆ ಸ್ನಾಯುವನ್ನು ಬಿಡಿಸಿ ರಟ್ಟೆ ಎಲುಬಿನ ತಲೆಗೆ ಜೋಡಿಸುತ್ತಾರೆ. ಅದರ ಉದ್ದ ಸಾಲದು, ತೊಡೆಯ ಹಿಂಬದಿಯ ರಜ್ಜುವನ್ನೋ ದಾನಿಯ ಅಕಿಲಿಸ್ ರಜ್ಜುವನ್ನೋ ನಡುವೆ ಕಟ್ಟಬೇಕು. ಆಮೇಲೆ ಆರೆಂಟು ವಾರ ಕೈ ಹೊರಕ್ಕೆ ತಿರುಗಿರುವಂತೆ ಬ್ರೇಸ್. ಅದನ್ನು ನಡುವೆ ಬಿಚ್ಚಿಟ್ಟರೆ ಜೋಡಣೆ ಸಡಿಲಾಗುತ್ತದೆ.

ಬಲೂನು ಹಾಕ್ರಿ ಅನ್ನುವವರೂ ಬರುತ್ತಾರೆ; ರಟ್ಟೆ ಎಲುಬಿನ ತಲೆಗೂ ಅಕ್ರೋಮಿಯನ್‌ಗೂ ನಡುವೆ ಉಬ್ಬಿಸಿ ಇಡುವಂಥದ್ದು ಅದು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಬಲೂನು ಇಟ್ಟವರಿಗಿಂತ ಬರೀ ಕೀಲು ಸ್ವಚ್ಛ ಮಾಡಿಸಿಕೊಂಡವರೇ ಮೇಲಿದ್ದರು. ಬರೀ ನೋವಿದ್ದು ಕೈ ಏಳುವವರಿಗೆ ಮೊದಲು ಡೆಲ್ಟಾಯ್ಡ್ ವ್ಯಾಯಾಮ, ಅದಕ್ಕೂ ಬಗ್ಗದಿದ್ದರೆ ಬೈಸೆಪ್ಸಿನ ಉದ್ದ ರಜ್ಜು ಕತ್ತರಿಸಿದರೂ ನೋವು ಎಷ್ಟೋ ಇಳಿಯುತ್ತದೆ.

"ಈ ಹಂಗಾಮಿಗೆ ಕೊಯ್ತಾ ಹಿಡಿಬಹುದೇನ್ರಿ?"

"ಇಲ್ಲ ಕಾಕಾ. ಆರು ತಿಂಗಳ ಒಳಗ ಭಾರದ ಕೆಲಸ ಮಾಡೂ ಹಂಗಿಲ್ಲ. ಮುಂದಿನ ಹಂಗಾಮಿಗೆ ನೋಡೂಣು."