ಯತಂತಶ್ಚ ದೃಢವ್ರತಾಃ: ಏಕಾದಶಿಯ ಮೂರು ದಿನ

ಗೀತೆಯ 9ನೇ ಅಧ್ಯಾಯದ 14ನೇ ಶ್ಲೋಕ ಭಕ್ತರನ್ನು ‘ಯತಂತಶ್ಚ ದೃಢವ್ರತಾಃ’ ಎಂದು ಕರೆಯುತ್ತದೆ: ಯತ್ನಿಸುವವರು, ವ್ರತದಲ್ಲಿ ಗಟ್ಟಿಯಾಗಿ ನಿಂತವರು. ಧಾತು ‘ಯತೀ ಪ್ರಯತ್ನೇ’. ಆದರೆ ಬರೀ ಯತ್ನ ಸಾಲದು ಎಂದೂ ಗೀತೆ ಹೇಳುತ್ತದೆ. 15ನೇ ಅಧ್ಯಾಯದ 11ನೇ ಶ್ಲೋಕದಲ್ಲಿ ‘ಯತಂತಃ’ ಎರಡು ಸಲ ಬರುತ್ತದೆ. ಯತ್ನಿಸುವ ಯೋಗಿಗಳು ಭಗವಂತನನ್ನು ತಮ್ಮೊಳಗೇ ಕಾಣುತ್ತಾರೆ. ‘ಯತಂತೋಽಪ್ಯಕೃತಾತ್ಮಾನಃ’, ತಮ್ಮನ್ನು ಹದಮಾಡಿಕೊಳ್ಳದವರು ಯತ್ನಿಸಿಯೂ ಕಾಣರು. ಏಕಾದಶಿ ಹಿಡಿಯುವವರು ಮನನ ಮಾಡಬೇಕಾದದ್ದು ಈ ಉತ್ತರಾರ್ಧವನ್ನು. ವ್ರತ ಕೆಡುವುದು ಬಹುಪಾಲು ಹಿಂದಿನ ದಿನ, ಇಲ್ಲವೇ ಮರುದಿನ.

ಪೂರ್ಣ ವ್ರತವೆಂದರೆ ಮೂರು ದಿನಗಳಲ್ಲಿ ನಾಲ್ಕು ಊಟ ಬಿಡುವುದು: ದಶಮಿಯ ರಾತ್ರಿಯದು, ಏಕಾದಶಿಯ ಎರಡು, ದ್ವಾದಶಿಯ ರಾತ್ರಿಯದು. ‘ನಾಳೆ ಉಪವಾಸ’ ಎಂದು ದಶಮಿಯ ರಾತ್ರಿ ಹೊಟ್ಟೆ ಬಿರಿಯ ಉಂಡವರಿಗೆ ಮರುದಿನ ಹೊಟ್ಟೆ ಭಾರ, ಹಗಲೆಲ್ಲ ತೂಕಡಿಕೆ. ಜಪಕ್ಕೆ ಕೂರಲು ಮನಸ್ಸೇ ಬಾರದು.

ದಿನ ಯಾವುದೆಂಬುದರಲ್ಲೂ ಎಡವುವುದುಂಟು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚೆ ಅರುಣೋದಯ. ಆ ಹೊತ್ತಿಗೆ ದಶಮಿ ಇನ್ನೂ ಉಳಿದಿದ್ದರೆ ಏಕಾದಶಿ ವಿದ್ಧವಾಯಿತೆಂದು, ಅಂದರೆ ದಶಮಿ ತಾಗಿ ದೋಷ ಬಂತೆಂದು, ಮಾಧ್ವರು ಉಪವಾಸವನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಾರೆ. ಸ್ಮಾರ್ತರದು ಸೂರ್ಯೋದಯದ ಲೆಕ್ಕ. ಗೋಡೆಯ ಕ್ಯಾಲೆಂಡರಿಗಿಂತ ನಿಮ್ಮ ಮಠದ ಪಂಚಾಂಗ ನೋಡುವುದು ಲೇಸು.

ಏಕಾದಶಿಯಂದು ನಿರ್ಜಲವೇ ಮೇಲು. ಆಗದವರಿಗೆ ನೀರು, ಹಾಲು, ಹಣ್ಣು. ಉಪವಾಸದ ಹೆಸರಲ್ಲಿ ಉಪ್ಪಿಟ್ಟು, ಅವಲಕ್ಕಿ ಮಾಡುವ ಮನೆಗಳು ಎಷ್ಟೋ ಇವೆ. ರವೆ ಗೋಧಿಯದು, ಅವಲಕ್ಕಿ ಭತ್ತದ್ದು, ಎರಡೂ ಧಾನ್ಯವೇ. ಸಬ್ಬಕ್ಕಿ ಧಾನ್ಯವಲ್ಲ, ನಿಜ. ಆದರೆ ತುಪ್ಪದಲ್ಲಿ ಹುರಿದು ಮೂರು ತಟ್ಟೆ ತಿಂದರೆ ಅದು ಉಪವಾಸ ಹೇಗಾದೀತು? ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ನಿರ್ಜಲಕ್ಕೆ ಹಟ ಹಿಡಿಯಬಾರದು. ವ್ರತವನ್ನು ಕೆಡಿಸದ ಎಂಟನ್ನು ಮಹಾಭಾರತದ ಉದ್ಯೋಗಪರ್ವವೇ ಎಣಿಸಿದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧ.

ಎಲ್ಲಕ್ಕಿಂತ ನಾಜೂಕಾದದ್ದು ಪಾರಣೆ, ಅಂದರೆ ದ್ವಾದಶಿಯಂದು ಉಪವಾಸ ಮುಗಿಸುವುದು. ದ್ವಾದಶಿ ತಿಥಿಯ ಮೊದಲ ಕಾಲು ಭಾಗ ಹರಿವಾಸರ. ತಿಥಿ 24 ಗಂಟೆ ಇದ್ದರೆ ಮೊದಲ ಆರು ಗಂಟೆ. ಅದು ಕಳೆಯುವ ಮುನ್ನ ಉಣ್ಣುವಂತಿಲ್ಲ, ದ್ವಾದಶಿ ಮುಗಿಯುವ ತನಕ ತಡಮಾಡುವಂತೆಯೂ ಇಲ್ಲ. ಭಾಗವತದ ಅಂಬರೀಷ ರಾಜ ಸಿಕ್ಕಿಕೊಂಡದ್ದು ಇಲ್ಲೇ. ಅತಿಥಿಯಾಗಿ ಬಂದು ಸ್ನಾನಕ್ಕೆ ಹೋದ ದೂರ್ವಾಸ ಮುನಿಗಳು ತಿರುಗಿ ಬರಲಿಲ್ಲ, ದ್ವಾದಶಿ ಅರ್ಧ ಮುಹೂರ್ತವಷ್ಟೇ ಉಳಿದಿತ್ತು. ಅತಿಥಿಯನ್ನು ಬಿಟ್ಟು ಉಂಡರೂ ದೋಷ, ಪಾರಣೆ ಮೀರಿದರೂ ದೋಷ. ಅವನು ವಿಪ್ರರನ್ನು ಕೇಳಿ ಬರೀ ನೀರು ಕುಡಿದ. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು. ದ್ವಾದಶಿ ಬೆಳಗಿನಲ್ಲೇ ಮುಗಿಯುವ ದಿನ ಅಡಿಗೆ ಆಗದಿದ್ದರೆ ನಮಗೂ ಇದೇ ದಾರಿ: ಒಂದು ಉದ್ಧರಣೆ (ಪೂಜೆಯ ಚಮಚ) ತೀರ್ಥದಿಂದ ಪಾರಣೆ, ನೈವೇದ್ಯ ಆದಮೇಲೆ ಊಟ. ಎಲೆಯಲ್ಲಿ ಅಗಸೆ ಸೊಪ್ಪು, ನೆಲ್ಲಿಕಾಯಿ ಇರಲಿ. ಖಾಲಿ ಹೊಟ್ಟೆಗೆ ಮೊದಲೇ ಕಾಫಿ ಸುರಿದರೆ ಎದೆಯುರಿ ಶುರುವಾಗುತ್ತದೆ. ಆ ದಿನ ಮಧ್ಯಾಹ್ನ ಮಲಗುವ ಹಾಗೂ ಇಲ್ಲ.