ಪಿಕ್ ಯಾವಾಗ ಹಿಡೀತೀರಿ ಅಂತ ಕೇಳುವವರಿಗೆ

"ಫಿಂಗರ್‌ಸ್ಟೈಲ್ ನುಡಿಸೋರು ಎಲೆಕ್ಟ್ರಿಕ್ ಬ್ಲೂಸ್ ಕಲಿಯೋಕೆ ಪಿಕ್ ಹಿಡಿಯಲೇಬೇಕು ಅಲ್ವಾ?" ಪಿಕ್ ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಫಿಂಗರ್‌ಸ್ಟೈಲ್ ಅಂದರೆ ಬೆರಳುಗಳಿಂದಲೇ ಮೀಟುವುದು. ಅಕೂಸ್ಟಿಕ್ ಬದಿಗಿಟ್ಟು ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡ ದಿನದಿಂದ ಈ ಪ್ರಶ್ನೆ ನನಗೆ ತಪ್ಪಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಬೇಕಿಲ್ಲ. ಇಷ್ಟವಾದರೆ ಹಿಡಿಯಿರಿ, ಕಡ್ಡಾಯವೇನೂ ಇಲ್ಲ.

ಒಮ್ಮೆ ಒಂದು ಜಾಮ್ ಸೆಷನ್‌ನಲ್ಲಿ ನುಡಿಸಿ ಕೆಳಗಿಳಿದೆ. ಒಬ್ಬರು ಬಂದು ನನ್ನ ಅಂಗೈಗೆ ಪಿಕ್ ಹಾಕಿ, "ಆಲ್ಬರ್ಟ್ ಕಿಂಗ್ ಥರ ಬರಬೇಕು ಅಂದ್ರೆ ಇದು ಬೇಕು ಸರ್" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಮೈ ಉರಿಯಿತು. ಬ್ಲೂಸ್ ಗಿಟಾರ್ ದಿಗ್ಗಜ ಆಲ್ಬರ್ಟ್ ಕಿಂಗ್ ನುಡಿಸುತ್ತಿದ್ದದ್ದೇ ಹೆಬ್ಬೆರಳಲ್ಲಿ! ಅವರು ಎಡಗೈಯವರು. ತಂತಿಗಳ ಕ್ರಮ ಬದಲಿಸದೆ ಗಿಟಾರನ್ನೇ ತಿರುಗಿಸಿ ಹಿಡಿಯುತ್ತಿದ್ದರು. ಹಾಗಾಗಿ ತೆಳು ತಂತಿಗಳು ಮೇಲೆ ಬಂದವು. ಸ್ವರ ಏರಿಸಲು ತಂತಿಯನ್ನು ಬಾಗಿಸುವುದೇ ಬೆಂಡ್. ನಾವು ಮೇಲಕ್ಕೆ ತಳ್ಳುವ ಬೆಂಡನ್ನು ಅವರು ಕೆಳಕ್ಕೆ ಎಳೆಯುತ್ತಿದ್ದರು. ಅವರ ಬೆಂಡ್‌ಗೆ ಅಷ್ಟು ಜೋರು ಬರಲು ಅದೂ ಒಂದು ಕಾರಣ.

ಅವರೊಬ್ಬರೇ ಅಲ್ಲ. ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ತಂಡದ ಗಿಟಾರಿಸ್ಟ್ ಹ್ಯೂಬರ್ಟ್ ಸಮ್ಲಿನ್ ಪಿಕ್ ಬಿಟ್ಟು ಬೆರಳಿಗೆ ಬಂದವರು. ಟೆಕ್ಸಾಸ್‌ನ ಆಲ್ಬರ್ಟ್ ಕಾಲಿನ್ಸ್ ತಮ್ಮ ಟೆಲಿಕಾಸ್ಟರ್ ಗಿಟಾರಿನ ತಂತಿಗಳನ್ನು ಬೆರಳಿನಿಂದಲೇ ಚಟಾರನೆ ಎಳೆದು ಬಿಡುತ್ತಿದ್ದರು. ಬಿ. ಬಿ. ಕಿಂಗ್ ಪಿಕ್ ಹಿಡಿದರು, ಸರಿ. ಫ್ರೆಡ್ಡಿ ಕಿಂಗ್ ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಪಿಕ್ ತೊಟ್ಟರು. ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪಿಯಿಂದ ಷಿಕಾಗೋಗೆ ಹೋದಾಗ ಹಳ್ಳಿಯಲ್ಲಿ ಕಲಿತ ಬೆರಳುಗಾರಿಕೆಯನ್ನೇ ಜೊತೆಗೆ ಒಯ್ದರು. ಗದ್ದಲದ ಕ್ಲಬ್ಬುಗಳಲ್ಲಿ ಕೇಳಿಸಬೇಕಿತ್ತು, ಎಲೆಕ್ಟ್ರಿಕ್‌ಗೆ ಬಂದರು. ಎಲೆಕ್ಟ್ರಿಕ್ ಬ್ಲೂಸ್ ಹುಟ್ಟಿದ್ದರಲ್ಲಿ ಬೆರಳಿನ ಪಾಲು ಇಷ್ಟಿರುವಾಗ ನಾವು ಯಾರ ಅನುಮತಿ ಕೇಳಬೇಕು?

ಎಲ್ಲರೂ ನನ್ನ ಬಲಗೈಯನ್ನೇ ನೋಡುತ್ತಾರೆ. ಸ್ವರವನ್ನು ನಿಲ್ಲಿಸುವುದು ಹೇಗೆ ಅಂತ ಒಬ್ಬರೂ ಕೇಳುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಫಿಂಗರ್‌ಸ್ಟೈಲ್‌ನಲ್ಲಿ ಒಂದು ಗಿಟಾರೇ ಇಡೀ ತಂಡ. ಹೆಬ್ಬೆರಳು ಬೇಸ್ ನುಡಿಸುತ್ತಲೇ ಇರುತ್ತದೆ, ತಂತಿಗಳೆಲ್ಲ ಗುಂಯ್‌ಗುಡುತ್ತಿದ್ದರೆ ಚೆಂದ. ಬ್ಲೂಸ್ ತಂಡದಲ್ಲಿ ಬೇಸ್‌ಗೆ ಬೇರೆಯವರಿದ್ದಾರೆ. ಜೊತೆಗೆ ಆಂಪ್‌ನಲ್ಲಿ, ಅಂದರೆ ಸದ್ದು ಹಿಗ್ಗಿಸುವ ಪೆಟ್ಟಿಗೆಯಲ್ಲಿ, ಗೇನ್ (ಸಂಕೇತದ ಬಲ) ಏರಿಸಿದರೆ ನೀವು ಮುಟ್ಟದ ತಂತಿಯೂ ಕೂಗುತ್ತದೆ. ಆಗ ಬಲಗೈ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಸುಮ್ನೆ ಮಲಗಿರಬೇಕು. ಎಡಗೈ ತೋರುಬೆರಳು ಪಕ್ಕದ ತಂತಿಗಳನ್ನು ಹಗುರವಾಗಿ ಮುಟ್ಟಿ ಸುಮ್ಮನಾಗಿಸಬೇಕು. ಒಂದೇ ಸ್ವರ ನುಡಿಸಿ, ಉಳಿದ ಐದು ತಂತಿ ಮೌನವಾಗಿರುವಂತೆ ನೋಡಿಕೊಳ್ಳಿ. ಸ್ಕೇಲ್ ಅಭ್ಯಾಸಕ್ಕಿಂತ ಇದು ಜಾಸ್ತಿ ಕಲಿಸುತ್ತದೆ.

ಆಮೇಲೆ ಬೆಂಡ್. ಅಕೂಸ್ಟಿಕ್‌ನ 12–53 ಸೆಟ್‌ನಲ್ಲಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಮೂರನೇ ತಂತಿಗೆ ಲೋಹದ ಸುತ್ತು ಇರುತ್ತದೆ, ಜಗ್ಗುವುದೇ ಇಲ್ಲ. ಎಲೆಕ್ಟ್ರಿಕ್‌ನ 10–46ರಲ್ಲಿ ಅದು ಬರೀ ತಂತಿ, ಚೆನ್ನಾಗಿ ಬಾಗುತ್ತದೆ. ಉಂಗುರಬೆರಳಿನಿಂದ ಒತ್ತಿ, ಹಿಂದಿನ ಎರಡು ಬೆರಳು ಆಸರೆ ಕೊಡಲಿ, ಹೆಬ್ಬೆರಳು ಗಿಟಾರಿನ ಕತ್ತಿನ ಮೇಲಿಂದ ಹಿಡಿದಿರಲಿ, ಮಣಿಕಟ್ಟು ತಿರುಗಲಿ. ಎರಡನೇ ತಂತಿಯನ್ನು 8ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡಪಟ್ಟಿಗಳೇ ಫ್ರೆಟ್) ಒತ್ತಿ ಬಾಗಿಸಿ, 10ನೇ ಫ್ರೆಟ್‌ನ ಸ್ವರ ಮುಟ್ಟಿತಾ ಅಂತ ಕಿವಿಯಿಂದ ನೋಡಿ. ಬೆರಳುಗಳ ಬಲ ಸಾಲದು, ಕಿವಿ ಒಪ್ಪಬೇಕು.

ಇನ್ನು ಎ ಕೀಯಲ್ಲಿ, ಅಂದರೆ ಎ ಸ್ವರವೇ ಆಧಾರವಾದಾಗ, ಮೊದಲ ತಂತಿಯ 8ನೇ ಫ್ರೆಟ್‌ನ ಸಿ ಇದೆಯಲ್ಲ, ಅದನ್ನು ಪಕ್ಕದ ಸ್ವರ ಸಿ ಶಾರ್ಪ್‌ವರೆಗೆ ಎಳೆಯಬೇಡಿ. ನಡುವೆ ಎಲ್ಲೋ ಬಿಡಿ. ಬ್ಲೂಸ್‌ನ ಆ ನೋವು, ಆ ತುಂಟತನ ಎರಡೂ ಅಲ್ಲೇ ಇವೆ. ಎಷ್ಟು ಎಳೆಯಬೇಕು ಅಂತ ಕೇಳಿ ನೋಡಿ. ಗಿಟಾರ್ ತೆಗೆದು ಪಕ್ಕದಲ್ಲೇ ಕೂತುಬಿಡುತ್ತೇನೆ.