ರೆಫರಿ ಇಲ್ಲದ ನೀರಿನಲ್ಲಿ

ಕಯಾಕ್ ಎಂಬ ಕಿರಿದಾದ, ಹಗುರ ದೋಣಿಯಲ್ಲಿ ಕುಳಿತು ಗಾಳ ಹಾಕುವ ಸ್ಪರ್ಧೆಗೆ ರೆಫರಿ ಇರುವುದಿಲ್ಲ. ವಿಶಾಲವಾದ ಜಲಾಶಯದ ಮೇಲೆ ಸ್ಪರ್ಧಿಗಳು ನಸುಕಿನಲ್ಲೇ ಚದುರಿ ಹೋಗುತ್ತಾರೆ. ಒಬ್ಬೊಬ್ಬರದೂ ಒಂದೊಂದು ಮೂಲೆ, ಒಂದೊಂದು ದೋಣಿಯಲ್ಲೂ ಒಬ್ಬರೇ. ಕೊನೆಗೆ ಫಲಿತಾಂಶ ಪ್ರಕಟಿಸುವವರು ಆ ದಿನ ಒಂದು ಮೀನನ್ನೂ ಕಣ್ಣಾರೆ ಕಂಡಿರುವುದಿಲ್ಲ. ಶಾಲೆಯ ದೈಹಿಕ ಶಿಕ್ಷಕನಾಗಿದ್ದು ಧಾರವಾಡ, ಹಾವೇರಿ ಜಿಲ್ಲೆಗಳ ಕಬಡ್ಡಿ ಅಂಕಣಗಳಲ್ಲಿ ಸೀಟಿ ಊದಿಕೊಂಡು ನಿಂತ ನನ್ನಂಥವನಿಗೆ, ಮೀನು ಹಿಡಿಯುವುದಕ್ಕಿಂತ ಈ ಸಂಗತಿಯೇ ಹೆಚ್ಚು ಕುತೂಹಲ ಹುಟ್ಟಿಸಿತು. ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ ಇಂಥ ಸ್ಪರ್ಧೆಗಳಿಗೆ ಹೋಗುತ್ತಾನೆ. ಅವನು ಕಳುಹಿಸಿದ ನಿಯಮಾವಳಿಗಳನ್ನು ನಾನು ಕಾದಂಬರಿ ಓದಿದಂತೆ ಓದಿದ್ದೇನೆ ಎಂದರೆ ಮನೆಯವರು ನಗುತ್ತಾರೆ.

ಅಮೆರಿಕದಲ್ಲಿ ಬಾಸ್ ಮೀನಿಗಾಗಿ ದೊಡ್ಡ ಮೋಟಾರು ದೋಣಿಗಳಲ್ಲಿ ನಡೆಯುವ ಸ್ಪರ್ಧೆಗಳು ಬಹಳ ಹಳೆಯವು. ಅಲ್ಲಿ ಹಿಡಿದ ಮೀನುಗಳನ್ನು ಗಾಳಿಯಾಡಿಸಿದ ನೀರಿನ ತೊಟ್ಟಿಯಲ್ಲಿ ಜೀವಂತವಾಗಿಟ್ಟುಕೊಂಡು, ಸಮಯ ಮುಗಿದ ಮೇಲೆ ದಡಕ್ಕೆ ತಂದು ತೂಗುತ್ತಾರೆ. ಮೂರು ನಾಲ್ಕು ಮೀಟರ್ ಉದ್ದದ ಕಯಾಕ್‌ನಲ್ಲಿ ಅಂಥ ತೊಟ್ಟಿಯನ್ನು ಹೊತ್ತುಕೊಂಡು ತಿರುಗುವುದು ಕಷ್ಟ. ಆದ್ದರಿಂದ ಇಲ್ಲಿ ತೂಕದ ಜಾಗಕ್ಕೆ ಉದ್ದ ಬಂತು. ಮೀನನ್ನು ಹಿಡಿಯಬೇಕು, ಅಳತೆಯ ಹಲಗೆಯ ಮೇಲಿಟ್ಟು ಫೋಟೋ ತೆಗೆಯಬೇಕು, ಅಲ್ಲೇ ನೀರಿಗೆ ಬಿಡಬೇಕು. ಸಾಮಾನ್ಯವಾಗಿ ದಿನದ ಅತಿ ಉದ್ದದ ಐದು ಮೀನುಗಳ ಅಳತೆಯನ್ನು ಕೂಡಿಸಿದ್ದೇ ಸ್ಪರ್ಧಿಯ ಅಂಕ. ಲೆಕ್ಕ ಕಾಲು ಇಂಚಿನದು. ಬಾಲ ಗೆರೆಯನ್ನು ಮುಟ್ಟದಿದ್ದರೆ ಹಿಂದಿನ ಗೆರೆಗೆ ಇಳಿಸುತ್ತಾರೆ. ಮೋಟಾರು ದೋಣಿಗಳ ಸ್ಪರ್ಧೆಗಳಿಂದಲೇ ಹೆಸರಾದ ಬಾಸ್‌ಮಾಸ್ಟರ್ ಸಂಸ್ಥೆ ಕೂಡ 2020ರಲ್ಲಿ ಕಯಾಕ್‌ಗೆಂದೇ ಒಂದು ಸರಣಿಯನ್ನು ಆರಂಭಿಸಿತು.

ರೆಫರಿ ಮಾಡಬೇಕಾದ ಕೆಲಸವನ್ನೆಲ್ಲ ಹೀಗೆ ಒಂದು ಫೋಟೋದ ಮೇಲೆ ಹೇರಿದ್ದರಿಂದ, ಆ ಫೋಟೋ ಹೇಗಿರಬೇಕು ಎಂಬುದರ ಬಗ್ಗೆಯೇ ನಿಯಮಗಳು ಪುಟಗಟ್ಟಲೆ ಬೆಳೆದಿವೆ. ಇಡೀ ಮೀನು ಮತ್ತು ಹಲಗೆಯ ಅಂಕಿಗಳು ಸ್ಪಷ್ಟವಾಗಿ ಕಾಣಬೇಕು. ಮೂತಿ ಹಲಗೆಯ ತುದಿಯಲ್ಲಿರುವ ಅಡ್ಡಪಟ್ಟಿಗೆ ತಾಗಿರಬೇಕು, ಬಾಯಿ ಮುಚ್ಚಿರಬೇಕು, ಮೀನನ್ನು ಹಿಡಿದ ಕೈ ಅಳತೆಯ ಜಾಗವನ್ನು ಮರೆಮಾಡಬಾರದು. ಸ್ಪರ್ಧೆಗೆ ಸ್ವಲ್ಪ ಮುಂಚೆಯಷ್ಟೇ ತಿಳಿಸುವ ಗುರುತು-ಸಂಕೇತದ ಚೀಟಿಯೊಂದು ಪ್ರತಿ ಚಿತ್ರದಲ್ಲೂ ಇರಬೇಕು. ಹೋದ ತಿಂಗಳು ಹಿಡಿದ ದೊಡ್ಡ ಮೀನಿನ ಫೋಟೋವನ್ನು ಇಂದು ತೋರಿಸಲು ಬಾರದಂತೆ ತಡೆಯುವುದು ಈ ಪುಟ್ಟ ಚೀಟಿ. ಟೂರ್ನಿಎಕ್ಸ್‌ನಂಥ ಆ್ಯಪ್‌ಗಳ ಮೂಲಕ ಚಿತ್ರಗಳು ತೀರ್ಪುಗಾರರನ್ನು ತಲುಪುತ್ತವೆ. ಒಂದೇ ಮೀನನ್ನು ಎರಡು ಸಲ ಅಳೆದು ಕಳುಹಿಸಿದ್ದಾರೆಯೇ ಎಂಬ ಅನುಮಾನ ಬಂದರೆ, ಅವರು ಮೈಮೇಲಿನ ಮಚ್ಚೆಗಳನ್ನೂ ರೆಕ್ಕೆಯ ಹರಕನ್ನೂ ಹೋಲಿಸಿ ನೋಡುತ್ತಾರೆ. ಹಲಗೆಯ ನಡುವಿನಿಂದ ಒಂದು ತುಂಡನ್ನು ಕತ್ತರಿಸಿ ತೆಗೆದು ಮತ್ತೆ ಅಂಟಿಸಿದರೆ ಪ್ರತಿ ಮೀನೂ ಅಷ್ಟಷ್ಟು ಬೆಳೆಯುತ್ತದೆಯಲ್ಲ! ಅದಕ್ಕೇ ಯಾವ ಹಲಗೆಯನ್ನು ಬಳಸಬೇಕು ಎಂಬುದನ್ನೂ ಸಂಘಟಕರೇ ಗೊತ್ತುಮಾಡಿರುತ್ತಾರೆ.

ಈ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅವುಗಳ ಸಿಟ್ಟಿಲ್ಲದ ಸ್ವಭಾವ. ಬಾಯಿ ತೆರೆದಿದ್ದರೆ ಅಳತೆಯಲ್ಲಿ ಕಡಿತ ಮಾಡುತ್ತಾರೆ ಅಥವಾ ಆ ಮೀನನ್ನು ಲೆಕ್ಕದಿಂದ ಬಿಡುತ್ತಾರೆ. ಚೀಟಿ ಕಾಣದಿದ್ದರೆ ಮೀನು ಹೋಯಿತು. ಬೇಕೆಂದೇ ಮಾಡಿದೆಯೋ, ಮರೆತೆಯೋ ಎಂದು ಯಾರೂ ವಿಚಾರಿಸುವುದಿಲ್ಲ. ಕಬಡ್ಡಿಯಲ್ಲಿ ದಾಳಿಗಾರನ ಬೆರಳು ಹಿಡಿತಗಾರನ ಅಂಗಿಯನ್ನು ಸವರಿ ಹೋದದ್ದು ಕೆಲವೊಮ್ಮೆ ಆ ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ. ನಮ್ಮ ಹಳ್ಳಿಯ ಪಂದ್ಯಗಳಲ್ಲಿ ತಾನಾಗಿಯೇ ಕೈ ಎತ್ತಿ ಹೊರಗೆ ನಡೆದ ಹುಡುಗರನ್ನು ಕಂಡಿದ್ದೇನೆ. ‘ಮುಟ್ಟೇ ಇಲ್ಲರೀ ಸರ್’ ಎಂದು ಗ್ರಾಮದೇವತೆಯ ಆಣೆ ಮಾಡಿದವರನ್ನೂ ಕಂಡಿದ್ದೇನೆ. ಆ ಎರಡನೆಯ ಬಗೆಯವರ ಮನಸ್ಸಿನೊಳಗೆ ಇಳಿಯಲು ಹೋದ ರೆಫರಿಗೆ ಪಂದ್ಯ ಮುಗಿಸುವುದೇ ಕಷ್ಟವಾಗುತ್ತದೆ. ಕಂಡದ್ದಕ್ಕಷ್ಟೇ ಬೆಲೆ, ಉದ್ದೇಶಕ್ಕೆ ಬೆಲೆಯಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ, ಶಿಕ್ಷೆಗೊಳಗಾದವನು ಕಳ್ಳನೆಂಬ ಹೆಸರು ಹೊತ್ತುಕೊಳ್ಳದೆ ಮುಂದಿನ ಮೀನಿಗೆ ಹೋಗಬಹುದು. ಇದು ಒಮ್ಮೊಮ್ಮೆ ಪ್ರಾಮಾಣಿಕರಿಗೂ ಪೆಟ್ಟು ಕೊಡುತ್ತದೆ ಎಂಬ ಆಕ್ಷೇಪ ನಿಜವೇ. ಆದರೂ ಅನುಮಾನದ ಮೇಲೆ ನಡೆಯುವ ಆಟಕ್ಕಿಂತ ಅದು ಮೇಲು ಎಂಬುದು ನನ್ನ ಅಭಿಪ್ರಾಯ.

ಉದ್ದವನ್ನು ಅಳೆಯುವುದರಿಂದ ಒಂದು ಬಗೆಯ ಮೋಸವಂತೂ ತಾನಾಗಿಯೇ ತಪ್ಪುತ್ತದೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಈರಿ ಸರೋವರದ ವಾಲೈ ಮೀನಿನ ಸ್ಪರ್ಧೆಯೊಂದರಲ್ಲಿ ಗೆಲ್ಲುವ ಹಂತದಲ್ಲಿದ್ದ ಇಬ್ಬರ ಮೀನುಗಳು ನೋಟಕ್ಕಿಂತ ಹೆಚ್ಚು ತೂಗಿದವು. ಸಂಘಟಕರು ಎಲ್ಲರೆದುರೇ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳೂ ಬೇರೆ ಮೀನಿನ ಮಾಂಸದ ತುಂಡುಗಳೂ ಹೊರಬಿದ್ದವು. ಮರುವರ್ಷ ಇಬ್ಬರೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಹತ್ತು ದಿನಗಳ ಜೈಲುವಾಸವಾಯಿತು, ಮೀನು ಹಿಡಿಯುವ ಪರವಾನಗಿ ಅಮಾನತಾಯಿತು, ದೋಣಿಯೂ ಕೈಬಿಟ್ಟಿತು. ಅದು ಕಯಾಕ್ ಸ್ಪರ್ಧೆಯಾಗಿರಲಿಲ್ಲ. ಆದರೆ ಅಲ್ಲಿ ಮೀನೇ ಸಾಕ್ಷಿಯಾಗಿ ಮೇಜಿನ ಮೇಲಿತ್ತು ಎಂಬುದನ್ನು ಗಮನಿಸಬೇಕು. ಫೋಟೋ ತೆಗೆದು ನೀರಿಗೆ ಬಿಟ್ಟ ಮೀನನ್ನು ಮರುದಿನ ಕರೆದು ತಂದು ಪರೀಕ್ಷಿಸಲಾಗದು.

ಈ ಕೊರತೆಯನ್ನು ತುಂಬಲು ಹಲವು ಸರಣಿಗಳು, ಗೆದ್ದವರನ್ನು ಸುಳ್ಳು ಪತ್ತೆ ಯಂತ್ರದ ಪರೀಕ್ಷೆಗೆ ಕರೆಯುವ ಹಕ್ಕನ್ನು ನಿಯಮದಲ್ಲೇ ಇಟ್ಟುಕೊಂಡಿವೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರು. ಹೆದರಿದ ಸತ್ಯವಂತನಿಗೂ ಇವೆಲ್ಲ ಏರುತ್ತವೆ. ನಮ್ಮ ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಯನ್ನು ನಡೆಸುವಂತಿಲ್ಲ ಎಂದು ಹೇಳಿತು. ಸ್ಪರ್ಧಿಗಳು ಹೆಸರು ನೋಂದಾಯಿಸುವಾಗಲೇ ಒಪ್ಪಿ ಸಹಿ ಹಾಕಿರುತ್ತಾರೆ ಎಂದು ನನ್ನ ಸೋದರಳಿಯ ವಾದಿಸುತ್ತಾನೆ. ಸಹಿ ಹಾಕದಿದ್ದರೆ ದೋಣಿಯನ್ನು ನೀರಿಗಿಳಿಸಲು ಬಿಡದಿರುವಾಗ ಆ ಒಪ್ಪಿಗೆಯ ತೂಕವೆಷ್ಟು ಎಂಬುದು ನನ್ನ ಪ್ರಶ್ನೆ. ಈ ವಾದ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಫೋಟೋದ ಚೌಕಟ್ಟಿನ ಹೊರಗೆ ನಡೆಯುವುದೂ ಬಹಳವಿದೆ. ನಿಗದಿತ ಸಮಯಕ್ಕೆ ಮೊದಲು ಗಾಳ ನೀರಿಗೆ ಬೀಳಬಾರದು, ಬೇರೆ ದೋಣಿಯಿಂದ ಎಳೆಸಿಕೊಳ್ಳಬಾರದು, ಜೀವರಕ್ಷಕ ಜಾಕೆಟನ್ನು ಕಳಚಬಾರದು. ಕೆಲವು ಕಡೆ ಸ್ಪರ್ಧೆಯ ಮುಂಚಿನ ದಿನಗಳಲ್ಲಿ ಆ ನೀರಿಗೆ ಹೋಗುವುದೂ, ಸ್ಥಳೀಯ ಮಾರ್ಗದರ್ಶಕರಿಂದ ಮೀನಿನ ಜಾಗವನ್ನು ಕೇಳಿ ತಿಳಿದುಕೊಳ್ಳುವುದೂ ನಿಷಿದ್ಧ. ಮೋಟಾರಿಗೆ ಕೆಲವು ಕಡೆ ಅನುಮತಿಯಿದೆ. ಕೈಯಲ್ಲಿ ಹುಟ್ಟು ಹಾಕುವವನಿಗೂ ಬ್ಯಾಟರಿಯ ಮೇಲೆ ಓಡಾಡುವವನಿಗೂ ಒಂದೇ ಬಹುಮಾನ ಎನ್ನುವುದನ್ನು ನಾನಂತೂ ನ್ಯಾಯವೆಂದು ಒಪ್ಪುವುದಿಲ್ಲ.

ಇದನ್ನೆಲ್ಲ ಬರೆಯಲು ಕಾರಣವಿದೆ. ರಾಣೆಬೆನ್ನೂರು ಕಡೆಯ ಕೆಲವು ಗೆಳೆಯರು ಗಾಳಿ ತುಂಬುವ ಕಯಾಕ್‌ಗಳನ್ನು ಕೊಂಡಿದ್ದಾರೆ. ಅಂಬಿಗರ ಚೌಡಯ್ಯನ ಚೌಡದಾನಪುರದ ಬಳಿ ತುಂಗಭದ್ರೆಯಲ್ಲಿ ಹರಿಗೋಲಿನ ಪಕ್ಕದಲ್ಲಿ ಈ ಬಣ್ಣದ ದೋಣಿಗಳು ತೇಲಿದಾಗ ನೋಡಲು ಜನ ಸೇರುತ್ತಾರೆ. ಈಗ ಅವರಿಗೆ ತಮ್ಮತಮ್ಮಲ್ಲೇ ಒಂದು ಸಣ್ಣ ಪಂದ್ಯವನ್ನು ಕೆರೆಯೊಂದರಲ್ಲಿ ನಡೆಸಬೇಕೆನಿಸಿದೆ. ‘ನಿಯಮ ನೀವ ಬರದ ಕೊಡ್ರಿ ಸರ್’ ಎಂದು ಗಂಟುಬಿದ್ದಿದ್ದಾರೆ.

ಅಮೆರಿಕದ ನಿಯಮಗಳನ್ನು ಹಾಗೆಯೇ ಇಳಿಸಿಕೊಂಡರೆ ನಮ್ಮಲ್ಲಿ ನಡೆಯದು. ನಮ್ಮ ಕೆರೆಗಳ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಗುತ್ತಿಗೆಯ ಮೇಲೆ ಮೀನುಗಾರರ ಸಹಕಾರ ಸಂಘಕ್ಕೋ ಖಾಸಗಿಯವರಿಗೋ ಹೋಗಿರುತ್ತದೆ. ಕಾಟ್ಲಾ, ರೋಹು ಮರಿಗಳನ್ನು ಹಣ ಕೊಟ್ಟು ಬಿಟ್ಟವರು ಅವರು. ಹಿಡಿದ ಮೀನನ್ನು ಮತ್ತೆ ಬಿಟ್ಟರೂ ಅವರ ಲಿಖಿತ ಒಪ್ಪಿಗೆ ಮೊದಲು ಬೇಕು; ಅವರ ಬಲೆಯ ಹತ್ತಿರ ಸುಳಿದವನು ಆ ದಿನದ ಮಟ್ಟಿಗೆ ಹೊರಗೆ. ಎರಡನೆಯ ತೊಡಕು ಹಾವಿನಂಥ ತಲೆಯ ಮುರ್ರೆಲ್ ಮೀನಿನದು. ಕಪ್ಪೆಯಾಕಾರದ ಕೃತಕ ಎರೆಯ ಮೇಲೆ ಅದು ಎರಗುವ ರಭಸಕ್ಕೆ ಮರುಳಾಗದ ಗಾಳದವರಿಲ್ಲ. ಆದರೆ ಅದು ತನ್ನ ಮರಿಗಳ ಗುಂಪನ್ನು ಕಾಯುವ ಮೀನು. ಮರಿಗಳು ನೀರಿನ ಮೇಲ್ಭಾಗದಲ್ಲಿ ಗುಳ್ಳೆಯೆಬ್ಬಿಸುತ್ತ ಒಟ್ಟಾಗಿ ಚಲಿಸುವುದನ್ನು ಕಂಡು, ಅದರ ನಡುವೆ ಎರೆಯನ್ನು ಎಸೆದರೆ ತಾಯಿಯೋ ತಂದೆಯೋ ಖಂಡಿತ ಎಂಬಂತೆ ಕಚ್ಚುತ್ತದೆ. ಫೋಟೋ ತೆಗೆಯುವಷ್ಟರಲ್ಲಿ ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಪಾಲಾಗಬಹುದು. ಇದನ್ನು ಯಾವ ಫೋಟೋವೂ ತೋರಿಸುವುದಿಲ್ಲವಾದ್ದರಿಂದ, ಮುರ್ರೆಲ್ ಮರಿ ಮಾಡುವ ಮಳೆಗಾಲದಲ್ಲಿ ಪಂದ್ಯವನ್ನೇ ಇಡಬಾರದು ಎಂದು ಬರೆದಿದ್ದೇನೆ. ಕಡುಬೇಸಿಗೆಯೂ ಬೇಡ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಸಿಲಿಗೆ ಸುಟ್ಟ ಹಲಗೆಯ ಮೇಲಿಟ್ಟ ಮೀನಿನ ಮೈಲೋಳೆ ಕಿತ್ತುಬರುತ್ತದೆ. ದೀಪಾವಳಿ ಕಳೆದ ಮೇಲಿನ ತಂಪು ದಿನಗಳಲ್ಲಿ, ಪ್ರತಿ ಸಲವೂ ಹಲಗೆಯನ್ನು ನೆನೆಸಿಕೊಂಡು ಅಳೆಯಬೇಕು.

ಅಳತೆ ಸೆಂಟಿಮೀಟರ್‌ನಲ್ಲಿ, ಹಿಂದಿನ ಅರ್ಧ ಸೆಂಟಿಮೀಟರ್‌ನ ಗೆರೆಗೆ ಇಳಿಸಿ. ಸಂಕೇತದ ಚೀಟಿಯನ್ನು ಅಂದು ಬೆಳಗ್ಗೆ ದಡದಲ್ಲೇ ಹಂಚುವುದು. ಈಜು ಬಂದರೂ ಜಾಕೆಟ್ ಕಡ್ಡಾಯ. ಇದಕ್ಕೆ ಒಬ್ಬರು ಗೊಣಗಿದರು, ನಾನು ಬಗ್ಗಲಿಲ್ಲ. ಮಗುಚಿದವನ ನೆರವಿಗೆ ಹೋದವನಿಗೆ ಅಷ್ಟು ಸಮಯವನ್ನು ಕೊನೆಯಲ್ಲಿ ಕೂಡಿಸಿ ಕೊಡಬೇಕು ಎಂಬುದನ್ನು ಎಲ್ಲರೂ ಒಪ್ಪಿದರು. ಹಲಗೆಗಳನ್ನು ರಾಣೆಬೆನ್ನೂರಿನ ಬಡಿಗೇರರೊಬ್ಬರಿಗೆ ಹೇಳಿ ಮಾಡಿಸುವುದೆಂದು ಮಾತಾಗಿದೆ. ಎಲ್ಲವೂ ಒಂದೇ ಮರದವು, ಒಂದೇ ಅಳತೆಯವು. ಪಂದ್ಯದ ಬೆಳಗಿನ ತನಕ ಅವು ನನ್ನ ಮನೆಯ ಅಟ್ಟದ ಮೇಲೆ ಇರುತ್ತವೆ.